ಹೊಗೆ ಮತ್ತು ಕೆಮ್ಮು: ನಮ್ಮ ಅಡಿಗೆಮನೆಯ ಲೆಕ್ಕ

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಪಗಾರದ ಮಾತು ಬರುತ್ತದೆಂದು ಬಂದವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಪಗಾರದ ಮಾತೂ ಬರುತ್ತದೆ. ಆದರೆ ಅದು ಕೆಮ್ಮಿನ ದಾರಿಯಿಂದ ಬರುತ್ತದೆ.

ನಾವು ಡಾಕ್ಟರರಲ್ಲ. ಏಳನೆಯ ಇಯತ್ತೆಯ ತನಕ ಓದಿದವರು, ಅದರಲ್ಲಿಯೂ ಕೊನೆಯ ಎರಡು ವರ್ಷ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿದವರು. ಇಲ್ಲಿ ಹೇಳುವುದರಲ್ಲಿ ಅರ್ಧ ನಮ್ಮ ಕಣ್ಣಾರೆ ಕಂಡದ್ದು. ಉಳಿದರ್ಧ ನಮ್ಮ ಕಡೆಯವರೇ ಆದ ಒಬ್ಬ ಡಾಕ್ಟರರ ಎದುರು ನಾಲ್ಕು ರವಿವಾರ ಕುಳಿತು, ಕೇಳಿದ್ದನ್ನೇ ಮತ್ತೆ ಕೇಳಿ, ಅವರಿಗೆ ಬೇಸರ ಬರುವಷ್ಟು ಪೀಡಿಸಿ ತಿಳಿದುಕೊಂಡದ್ದು.

ಮೊದಲು ಒಂದು ಸಂಗತಿ. ಹೋಟೆಲಿನ ಹೆಸರು ಬೇಡ, ಆಳುಗಳ ಹೆಸರೂ ಬೇಡ. ಒಂದು ಚಳಿಗಾಲದಲ್ಲಿ ಒಂದೇ ಹೋಟೆಲಿನ ಇಬ್ಬರಿಗೆ ಒಂದೇ ವಾರದಲ್ಲಿ ಫ್ಲೂ ಜ್ವರ ಬಂತು. ಇಬ್ಬರೂ ಒಂದೇ ಊರಿನವರು, ಪ್ರಾಯದಲ್ಲಿ ಎರಡು ವರ್ಷದ ಅಂತರ. ಒಬ್ಬ ಗಲ್ಲೆಯ ಮೇಲೆ ಕೂರುವವನು, ಇನ್ನೊಬ್ಬ ತಂದೂರಿನ ಎದುರು ನಿಲ್ಲುವವನು. ಗಲ್ಲೆಯವನು ಎರಡು ದಿನ ಹೊದ್ದು ಮಲಗಿ, ಗಂಜಿ ಕುಡಿದು, ಮೂರನೆಯ ದಿನ ಮೂಗು ಒರೆಸುತ್ತ ಕೆಲಸಕ್ಕೆ ಬಂದ. ತಂದೂರಿನವನಿಗೆ ಜ್ವರ ಇಳಿದಂತಾಗಿ ಮತ್ತೆ ಏರಿತು. ಆರನೆಯ ದಿನ ಮಾತನಾಡುವಾಗ ನಡುವೆ ನಿಲ್ಲಿಸಿ ಉಸಿರು ಎಳೆಯತೊಡಗಿದ. ನಾವು ನಾಲ್ವರು ಟ್ಯಾಕ್ಸಿ ಮಾಡಿ ಆಸ್ಪತ್ರೆಗೆ ಒಯ್ದೆವು. ನ್ಯುಮೋನಿಯಾ ಅಂದರು, ಮೂಗಿಗೆ ಆಕ್ಸಿಜನ್ ಕೊಟ್ಟರು. ಹದಿನಾಲ್ಕು ದಿನ ಅಲ್ಲೇ ಇದ್ದ. ಹೊರಗೆ ಬಂದಾಗ ಅವನ ಜಾಗದಲ್ಲಿ ಬೇರೊಬ್ಬ ರೊಟ್ಟಿ ಬಡಿಯುತ್ತಿದ್ದ.

ಈ ಕತೆಯನ್ನು ನಾವು ಡಾಕ್ಟರರ ಮುಂದೆ ಬಹಳ ಜೋರಿನಿಂದ ಹೇಳಿದೆವು, “ನೋಡಿ, ಹೊಗೆಯ ಕೆಲಸ” ಎಂದೆವು. ಅವರು ತಲೆ ಅಲ್ಲಾಡಿಸಿದರು. ಇಬ್ಬರ ಕತೆಯಿಂದ ಯಾವುದೂ ಸಿದ್ಧವಾಗುವುದಿಲ್ಲ, ಅವನು ಬೀಡಿ ಸೇದುತ್ತಿದ್ದನೋ ಇಲ್ಲವೋ, ರಾತ್ರಿ ಎಷ್ಟು ಹೊತ್ತು ಮಲಗುತ್ತಿದ್ದ, ಜ್ವರದಲ್ಲಿಯೂ ಎಷ್ಟು ದಿನ ಕೆಲಸ ಮಾಡಿದ, ಅದನ್ನೆಲ್ಲ ಕೇಳಬೇಕಲ್ಲ ಎಂದರು. ಮಾತು ಸರಿ. ಅವನು ಬೀಡಿ ಸೇದುತ್ತಿದ್ದ. ಜ್ವರದಲ್ಲಿ ಮೂರು ದಿನ ಭಟ್ಟಿಯ ಎದುರೇ ನಿಂತಿದ್ದ, ಯಾಕೆಂದರೆ ರಜೆ ಹಾಕಿದರೆ ಪಗಾರ ಕಟ್ಟು. ಆದ್ದರಿಂದ ಇಬ್ಬರ ಕತೆಯನ್ನು ಇಲ್ಲಿಗೆ ಬಿಟ್ಟು, ಸಾವಿರಾರು ಜನರನ್ನು ಲೆಕ್ಕ ಹಾಕಿ ನೋಡಿದವರು ಏನು ಹೇಳುತ್ತಾರೆ ಎಂಬುದಕ್ಕೆ ಬರೋಣ.

ಅದಕ್ಕಿಂತ ಮುಂಚೆ ಹೊಗೆ ಎದೆಯೊಳಗೆ ಮಾಡುವುದೇನು ಎಂಬುದು ತಿಳಿಯಬೇಕು. ಕಣ್ಣಿಗೆ ಕಾಣುವ ಮಸಿ ಅಷ್ಟು ಕೆಟ್ಟದ್ದಲ್ಲ. ಅದು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಕಪ್ಪು ಕಫವಾಗಿ ಬೆಳಿಗ್ಗೆ ಹೊರಗೆ ಬೀಳುತ್ತದೆ. ಕೆಟ್ಟದ್ದು ಕಾಣದ ಮಸಿ. ನಮ್ಮ ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣ ಕಣ. ವರ್ತಮಾನ ಪತ್ರಗಳಲ್ಲಿ ಪಿ.ಎಂ. 2.5 ಎಂದು ಬರೆಯುವುದು ಇದನ್ನೇ. ಇದು ಮೂಗು ದಾಟಿ, ಗಂಟಲು ದಾಟಿ, ಉಸಿರಿನ ಕೊಳವೆಗಳ ಕೊಟ್ಟಕೊನೆಯ ಪುಟ್ಟ ಗೂಡುಗಳ ತನಕ ಹೋಗಿ ಕುಳಿತುಕೊಳ್ಳುತ್ತದೆ.

ಆ ಕೊಳವೆಗಳ ಒಳಗೋಡೆಯ ತುಂಬ ಕಣ್ಣಿಗೆ ಕಾಣದ ರೋಮಗಳಿವೆ. ಅವು ಹಗಲೂ ರಾತ್ರಿ ಕಫವನ್ನು ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ, ಕಫಕ್ಕೆ ಅಂಟಿದ ಧೂಳು, ರೋಗಾಣು ಎಲ್ಲ ಅದರೊಂದಿಗೆ ಮೇಲೆ ಬರುತ್ತವೆ. ಹೊಗೆ ತಾಗಿ ತಾಗಿ ಈ ಪೊರಕೆ ಸವೆಯುತ್ತದೆ. ಕೊನೆಯ ಗೂಡುಗಳಲ್ಲಿಯಂತೂ ಪೊರಕೆಯೇ ಇಲ್ಲ. ಅಲ್ಲಿ ನುಂಗುವ ಜೀವಕಣಗಳಿವೆ. ರೋಗಾಣು ಬಂದರೆ ನುಂಗಿ ಕೊಲ್ಲುವುದು ಅವುಗಳ ಕೆಲಸ. ಮಸಿ ಬಂದರೂ ಪಾಪ, ನುಂಗುತ್ತವೆ. ಆದರೆ ಮಸಿ ಕರಗುವುದಿಲ್ಲ. ಮಧ್ಯಾಹ್ನ ಒಂದು ಗಂಟೆಯ ರಷ್‌ನಲ್ಲಿ ಟೇಬಲ್ ಒರೆಸುವ ಹುಡುಗನ ಎರಡು ಕೈಯಲ್ಲಿಯೂ ಎಂಜಲು ತಟ್ಟೆಗಳ ರಾಶಿ ಇರುವಾಗ, ಬಾಗಿಲಿನಿಂದ ನಾಯಿ ನುಗ್ಗಿದರೆ ಅವನು ಯಾವ ಕೈಯಿಂದ ಓಡಿಸಬೇಕು? ಎದೆಯೊಳಗೂ ಹಾಗೆಯೇ. ಮಸಿ ತುಂಬಿದ ಜೀವಕಣ ರೋಗಾಣುವಿನ ಎದುರು ಸೋಲುತ್ತದೆ. ಫ್ಲೂ ಮೊದಲೇ ಒಳಗಿನ ಪೊರೆಯನ್ನು ಕಿತ್ತಿರುತ್ತದೆ. ಅದರ ಹಿಂದೆಯೇ ನ್ಯುಮೋನಿಯಾದ ಬೇರೆ ರೋಗಾಣುಗಳು ನುಗ್ಗುತ್ತವೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹೊಗೆಯಿಂದ ಫ್ಲೂ ಹುಟ್ಟುವುದಿಲ್ಲ. ಫ್ಲೂ ಒಬ್ಬರಿಂದ ಒಬ್ಬರಿಗೆ ಬರುತ್ತದೆ, ಗಲ್ಲೆಯವನಿಗೂ ಬರುತ್ತದೆ, ಮಾಲಕರಿಗೂ ಬರುತ್ತದೆ. ಬಂದದ್ದು ಮೂರು ದಿನಕ್ಕೆ ಹೋಗುವುದೋ, ಎದೆಗೆ ಇಳಿಯುವುದೋ ಎಂಬಲ್ಲಿ ಹೊಗೆಯ ಪಾತ್ರ ದೊಡ್ಡದು.

ಇದಕ್ಕೆ ಒಳ್ಳೆಯ ಸಾಕ್ಷಿ ಬಹಳ ದೂರದ ಗ್ವಾಟೆಮಾಲಾ ದೇಶದ ಗುಡ್ಡಗಾಡಿನಿಂದ ಬಂದಿದೆ. ಅಲ್ಲಿಯ ಹೆಂಗಸರು ಮನೆಯ ನಡುವೆ ಬಯಲು ಒಲೆಯಲ್ಲಿ ಸೌದೆ ಉರಿಸಿ ಅಡಿಗೆ ಮಾಡುತ್ತಿದ್ದರು. ನಮ್ಮ ಅಜ್ಜಿಯಂದಿರ ಹಾಗೆಯೇ ಅನ್ನಿ. ಕಿರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 534 ಮನೆಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹೊಗೆಕೊಳವೆ ಇರುವ ಒಲೆ ಕಟ್ಟಿಸಿಕೊಟ್ಟರು. ಇನ್ನೊಂದು ಪಾಲು ಹಳೆಯ ಒಲೆಯಲ್ಲೇ ಇದ್ದು, ಪರೀಕ್ಷೆ ಮುಗಿದ ಮೇಲೆ ಹೊಸದನ್ನು ಪಡೆಯಿತು. ಹಸುಗೂಸುಗಳ ಮೇಲೆ ಕಣ್ಣಿಟ್ಟು, ವಾರ ವಾರ ಮನೆಗೆ ಹೋಗಿ ನೋಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮಕ್ಕಳ ಪಾಲಿನ ಹೊಗೆ ಅರ್ಧಕ್ಕೆ ಇಳಿದಿತ್ತು. ಎಲ್ಲ ಬಗೆಯ ನ್ಯುಮೋನಿಯಾ ಸೇರಿಸಿ ಎಣಿಸಿದಾಗ ಇಳಿತವಿದೆ ಎಂದು ಖಂಡಿತವಾಗಿ ಹೇಳಲು ಆಗಲಿಲ್ಲ. ಆದರೆ ರಕ್ತದಲ್ಲಿ ಆಕ್ಸಿಜನ್ ಕುಸಿಯುವಂಥ ಕಠಿಣ ನ್ಯುಮೋನಿಯಾ ಸುಮಾರು ಮೂರರಲ್ಲಿ ಒಂದು ಪಾಲು ಕಮ್ಮಿಯಾಗಿತ್ತು. ರೋಗ ಬರುವುದು ಬಂತು, ಕೊಲ್ಲುವಂಥದ್ದು ಕಮ್ಮಿ ಬಂತು.

ಒಂದು ಪಕ್ಷದ ಸಾಕ್ಷಿ ಮಾತ್ರ ಹೇಳಿ ಕೂರುವುದು ನ್ಯಾಯವಲ್ಲ. ಆಮೇಲೆ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಗ್ವಾಟೆಮಾಲಾ, ಪೆರು, ರುವಾಂಡಾ, ಮತ್ತು ನಮ್ಮ ದೇಶದ ತಮಿಳುನಾಡು. ಸುಮಾರು 3200 ಬಸುರಿ ಹೆಂಗಸರನ್ನು ಆರಿಸಿ ಅರ್ಧ ಮನೆಗಳಿಗೆ ಗ್ಯಾಸು ಕೊಟ್ಟರು. ಅಡಿಗೆಮನೆಯ ಹೊಗೆ ಅರ್ಧಕ್ಕಿಂತಲೂ ಹೆಚ್ಚು ಇಳಿಯಿತು. ಆದರೆ 2024ರಲ್ಲಿ ಬಂದ ಫಲಿತಾಂಶದಲ್ಲಿ ಒಂದು ವರ್ಷದೊಳಗಿನ ಕೂಸುಗಳ ಕಠಿಣ ನ್ಯುಮೋನಿಯಾ ಕಮ್ಮಿಯಾಗಲಿಲ್ಲ! ಇದನ್ನು ಕೇಳಿ ನಮಗೆ ಮುಖ ಸಣ್ಣದಾಯಿತು. ಡಾಕ್ಟರರು ಸಮಾಧಾನದಿಂದ ಹೇಳಿದರು: ಒಲೆ ಒಂದನ್ನೇ ಬದಲಿಸಿ ಎಲ್ಲ ಆಗುತ್ತದೆ ಎಂದು ನಂಬಬೇಡಿ, ಕೂಸಿನ ತೂಕ, ಲಸಿಕೆ, ಮನೆಯ ಹೊರಗಿನ ಗಾಳಿ, ಆಸ್ಪತ್ರೆಯ ದೂರ, ಇವೂ ಲೆಕ್ಕದಲ್ಲಿವೆ. ಗ್ಯಾಸು ಬಂತು, ಇನ್ನೇನು ಚಿಂತೆ ಎಂದು ಹೇಳುವ ಮಾಲಕರಿಗೂ ಇದೇ ಉತ್ತರ ಸಲ್ಲುತ್ತದೆ. ಯಾಕೆಂದು ಮುಂದೆ ಹೇಳುತ್ತೇವೆ.

ಎರಡನೆಯ ಸಾಕ್ಷಿ ನಮಗೆ, ಸಂಘದವರಿಗೆ, ವಿಶೇಷವಾಗಿ ತಿಳಿದಿರಬೇಕಾದದ್ದು. ಅಮೆರಿಕೆಯ ಯೂಟಾ ರಾಜ್ಯದಲ್ಲಿ ಸುತ್ತ ಬೆಟ್ಟವಿರುವ ಒಂದು ಕಣಿವೆಯಲ್ಲಿ ದೊಡ್ಡ ಉಕ್ಕಿನ ಕಾರಖಾನೆ ಇತ್ತು. 1986ರ ಅಗಸ್ಟಿನಲ್ಲಿ ಕಾರ್ಮಿಕರಿಗೂ ಕಂಪನಿಗೂ ತಕರಾರು ಬಂದು ಕೆಲಸ ನಿಂತಿತು. 1987ರ ಸಪ್ಟಂಬರದಲ್ಲಿ ಹೊಸ ಮಾಲಕರ ಕೈಯಲ್ಲಿ ಮತ್ತೆ ಭಟ್ಟಿ ಹೊತ್ತಿತು. ನಡುವಿನ ಒಂದು ಚಳಿಗಾಲ ಆ ಕಣಿವೆಗೆ ಕಾರಖಾನೆಯ ಹೊಗೆ ಇಲ್ಲ. ಆರ್ಡೆನ್ ಪೋಪ್ ಎಂಬ ಪ್ರೊಫೆಸರರು, ಇವರೂ ಡಾಕ್ಟರರಲ್ಲ, ಅರ್ಥಶಾಸ್ತ್ರ ಕಲಿಸುವವರು, ಆಸ್ಪತ್ರೆಗಳ ದಾಖಲೆ ತೆಗೆದು ಕೂಡಿಸಿ ನೋಡಿ 1989ರಲ್ಲಿ ಪ್ರಕಟಿಸಿದರು. ಕಾರಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಶ್ವಾಸನಾಳದ ಬಾವು, ದಮ್ಮು ಎಂದು ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಮುಚ್ಚಿದ್ದ ಚಳಿಗಾಲದ ಎರಡು ಮೂರು ಪಟ್ಟು ಇತ್ತು.

ಈ ಸಂಗತಿ ಕೇಳಿ ನಮಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆ ಚಳಿಗಾಲದಲ್ಲಿ ಮಕ್ಕಳು ಕೆಮ್ಮಲಿಲ್ಲ, ಸರಿ. ಅಪ್ಪಂದಿರಿಗೆ ಪಗಾರವೂ ಇರಲಿಲ್ಲವಲ್ಲ? ಉಸಿರು ಬೇಕಾದರೆ ಕೂಲಿ ಬಿಡು, ಕೂಲಿ ಬೇಕಾದರೆ ಉಸಿರು ಬಿಡು ಎಂಬ ಈ ಲೆಕ್ಕವನ್ನು ಯಾರು ಹಾಕಿದರು? ಇದೇ ಲೆಕ್ಕ ಈಗ ನಮ್ಮ ಬಾಗಿಲಿಗೂ ಬಂದಿದೆ.

ಮುಂಬಯಿಯ ಗಾಳಿಯ ವಿಷಯವನ್ನು ಹೈಕೋರ್ಟು 2023ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. 2025ರ ಜನವರಿ 9ರಂದು, ಸೌದೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳೂ ಹೋಟೆಲುಗಳೂ ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಆಜ್ಞೆಯಾಯಿತು. ಮುನಿಸಿಪಾಲಿಟಿಯಿಂದ ನೋಟಿಸುಗಳು ಬಂದವು. ಆಗ ಕೆಲವು ಕಡೆ ನಮ್ಮವರಿಗೆ ಸಿಕ್ಕಿದ ಮಾತು ಏನು? “ತಂದೂರು ಹೋಯಿತು, ನೀನೂ ಹೋಗು.” ಇಪ್ಪತ್ತು ವರ್ಷ ಭಟ್ಟಿಯ ಬಾಯಲ್ಲಿ ಕೈ ಹಾಕಿ ರೊಟ್ಟಿ ತೆಗೆದವನಿಗೆ ಗ್ಯಾಸಿನ ತಂದೂರು ಕಲಿಯಲು ಇಪ್ಪತ್ತು ದಿನ ಸಾಲದೆ? ನಮ್ಮ ಸಂಘ ಆಜ್ಞೆಗೆ ವಿರೋಧವಲ್ಲ. ಭಟ್ಟಿ ಬದಲಾಗಲಿ. ಆಳು ಬದಲಾಗುವುದಕ್ಕೆ ಮಾತ್ರ ನಾವು ಒಪ್ಪುವುದಿಲ್ಲ. ಸೌದೆ ಇರಲಿ, ರುಚಿ ಅದರಲ್ಲೇ ಇದೆ ಎಂದು ನಮ್ಮ ಸಹಿ ಕೇಳಲು ಬಂದ ಕೆಲವರಿಗೆ ಹಿರಿಯರು ಸಹಿ ಹಾಕಿಕೊಟ್ಟಿದ್ದಾರೆಂದು ಕೇಳಿದೆವು. ಕೆಲಸ ಹೋಗುವ ಹೆದರಿಕೆ ನಮಗೂ ಅರ್ಥವಾಗುತ್ತದೆ. ಆದರೂ ಅಂಥ ಸಹಿ ಹಾಕುವ ಮೊದಲು ಸಂಘದ ಕಚೇರಿಗೆ ಒಮ್ಮೆ ಬನ್ನಿ, ಅಣ್ಣಂದಿರೇ.

“ನಾವು ಮೂವತ್ತು ವರ್ಷ ಹೊಗೆ ಕುಡಿದಿದ್ದೇವೆ, ನಮಗೇನಾಯಿತು?” ಎಂದು ಕೇಳುವ ಹಿರಿಯರು ಇಲ್ಲಿಯೂ ಇದ್ದಾರೆ. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇವೆ, ಏನಾದರೂ ಆದವರು ಈ ಸಭೆಗೆ ಬಂದಿಲ್ಲ. ಅವರು ಊರಿಗೆ ಹೋದರು.

ರೋಗದ ಹೆಸರಿನ ಮೇಲೆ ಹೊಗೆಯ ತಪ್ಪನ್ನು ಹಾಕುವುದು ದೊಡ್ಡ ಸರಕಾರಗಳೂ ಮಾಡಿದ ಕೆಲಸ. ಲಂಡನ್ ಪಟ್ಟಣದಲ್ಲಿ 1952ರ ದಶಂಬರ 5ರಿಂದ 9ರ ತನಕ ಕಲ್ಲಿದ್ದಲಿನ ಹೊಗೆ ಮಂಜಿನೊಂದಿಗೆ ಬೆರೆತು ನೆಲಕ್ಕೆ ಇಳಿದು ನಿಂತಿತು. ಆ ಹೊತ್ತಿನಲ್ಲಿ ಸುಮಾರು 4000 ಜನ ಹೆಚ್ಚಾಗಿ ಸತ್ತರೆಂದು ಎಣಿಸಿದರು. ಆದರೆ ಮಂಜು ಹೋದ ಮೇಲೂ, ಮುಂದಿನ ಎರಡು ಮೂರು ತಿಂಗಳು ಸಾವು ಹೆಚ್ಚೇ ಇತ್ತು. ಅದು ಇನ್‌ಫ್ಲುಯೆಂಜಾ, ಹೊಗೆಯಲ್ಲ ಎಂದು ಸರಕಾರದವರು ಬರೆದು ಕಡತ ಮುಚ್ಚಿದರು. ಸುಮಾರು ಐವತ್ತು ವರ್ಷದ ಮೇಲೆ, 2001ರಲ್ಲಿ, ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಇಬ್ಬರು ಹೆಂಗಸರು ಆ ಲೆಕ್ಕವನ್ನು ಮತ್ತೆ ತೆಗೆದರು. ಅಷ್ಟೊಂದು ಸಾವಿಗೆ ಫ್ಲೂ ಒಂದೇ ಸಾಲದು, ಒಟ್ಟು ಸಂಖ್ಯೆ 12000ದ ಹತ್ತಿರ ಎಂದು ತೋರಿಸಿದರು. ನಮ್ಮ ತಂದೂರಿನವನ ಆಸ್ಪತ್ರೆಯ ಕಾಗದದಲ್ಲಿಯೂ ನ್ಯುಮೋನಿಯಾ ಎಂದಿದೆ. ಭಟ್ಟಿ ಎಂದು ಎಲ್ಲಿಯೂ ಬರೆದಿಲ್ಲ.

ಮುಂಬಯಿಗೆ ಸಮುದ್ರದ ಗಾಳಿ ಇದೆ, ನಮಗೆ ದಿಲ್ಲಿಯ ಕಷ್ಟ ಇಲ್ಲ ಎಂದು ಬಹಳ ಕಾಲ ಹೇಳಿಕೊಂಡೆವು. ಮಳೆಗಾಲದಲ್ಲಿ ಅದು ನಿಜ, ಮಳೆ ಗಾಳಿಯನ್ನು ತೊಳೆಯುತ್ತದೆ. ದೀಪಾವಳಿ ಕಳೆದ ಮೇಲೆ ಗಾಳಿಯ ಬೀಸು ಮಂದವಾಗುತ್ತದೆ. ರಾತ್ರಿ ನೆಲ ತಣಿದು, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತು, ವಾಹನದ ಹೊಗೆ, ಕಟ್ಟಡದ ಧೂಳು, ಕಸ ಸುಟ್ಟ ಹೊಗೆ ಎಲ್ಲ ಕೆಳಗೇ ಉಳಿಯುತ್ತದೆ. 2016ರ ಜನವರಿಯಲ್ಲಿ ದೇವನಾರದ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಆಸುಪಾಸಿನ ಶಾಲೆಗಳನ್ನು ಮುಚ್ಚಬೇಕಾಯಿತು. ಫ್ಲೂ, ಶೀತ ಹೆಚ್ಚಾಗುವ ತಿಂಗಳುಗಳಲ್ಲಿ ಇವೂ ಇವೆ. ಆ ಸಣ್ಣ ಕಣ ಒಂದು ಘನ ಮೀಟರು ಗಾಳಿಯಲ್ಲಿ, ದಿನದ ಸರಾಸರಿ, 60 ಮೈಕ್ರೊಗ್ರಾಮು ದಾಟಬಾರದೆಂಬುದು ನಮ್ಮ ದೇಶದ ಗೆರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಳೆದ ಗೆರೆ 15. ಇದನ್ನು ಅಳೆಯುವ ಯಂತ್ರಗಳು ರಸ್ತೆಯ ಬದಿಯಲ್ಲಿ, ಕಟ್ಟಡಗಳ ಮೇಲೆ ಇವೆ. ಹೋಟೆಲಿನ ಅಡಿಗೆಮನೆಯಲ್ಲಿ ಯಂತ್ರ ಇಟ್ಟವರನ್ನು ನಾವು ಕಾಣೆವು.

ಗ್ಯಾಸು ಬಂದರೆ ಮುಗಿಯಿತೇ ಎಂಬುದಕ್ಕೆ ಈಗ ಉತ್ತರ. ಒಲೆಯಿಂದ ಬರುವ ಹೊಗೆ ಬೇರೆ, ಬಾಣಲೆಯಿಂದ ಬರುವ ಹೊಗೆ ಬೇರೆ. ವಡೆ, ಬಜ್ಜಿ, ಪೂರಿ ಕರಿಯುವ ಎಣ್ಣೆ ಹೊಗೆಯಾಡತೊಡಗಿದರೆ ಅದರಲ್ಲಿಯೂ ಅದೇ ಸಣ್ಣ ಕಣಗಳು, ಕಣ್ಣು ಉರಿಸುವ ಅನಿಲಗಳು. ಗ್ಯಾಸಿನ ಉರಿಯಿಂದಲೂ ಶ್ವಾಸನಾಳಕ್ಕೆ ಒಗ್ಗದ ಅನಿಲ ಸ್ವಲ್ಪ ಬರುತ್ತದೆ. ಒಗ್ಗರಣೆಯ ಘಾಟು ಹೇಗಿದ್ದರೂ ಇದೆ. ಎಳೆಯುವ ಫ್ಯಾನು ಇಲ್ಲದೆ ಬರೀ ಗ್ಯಾಸು ತಂದರೆ ಕೆಲಸ ಅರ್ಧ ಮಾತ್ರ. ಫ್ಯಾನು ಇದ್ದರೂ ಎಷ್ಟು ಕಡೆ ಅದರ ರೆಕ್ಕೆಗೆ ಬೆರಳು ದಪ್ಪ ಜಿಡ್ಡು ಹಿಡಿದು ತಿರುಗದೆ ನಿಂತಿಲ್ಲ? ಮುಖಕ್ಕೆ ಒದ್ದೆ ಬೈರಾಸು ಕಟ್ಟಿಕೊಂಡರೆ ಸಾಕೆಂದು ನಮಗೆ ಹಿಂದಿನವರು ಕಲಿಸಿದ್ದರು. ಅದು ಮೂಗಿಗೆ ತಂಪು, ಅಷ್ಟೇ. ಸಣ್ಣ ಕಣ ಬಟ್ಟೆಯ ನೂಲಿನ ನಡುವಿನಿಂದ ಸಲೀಸಾಗಿ ಹೋಗುತ್ತದೆ. ಇನ್ನೊಂದು, ಗಲ್ಲೆಯಲ್ಲಿ ಕುಳಿತವನು ಮಿನಿಟಿಗೆ ಆರೆಂಟು ಲೀಟರು ಗಾಳಿ ಎಳೆದರೆ, ಹಂಡೆ ಎತ್ತುವವನು, ಹಿಟ್ಟು ನಾದುವವನು ಅದರ ಮೂರು ನಾಲ್ಕು ಪಟ್ಟು ಎಳೆಯುತ್ತಾನೆ. ಹೊಗೆ ಹೆಚ್ಚಿರುವಲ್ಲಿಯೇ ಉಸಿರಾಟವೂ ಹೆಚ್ಚು.

ನಾವೇ ಮಾಡಿಕೊಳ್ಳುವ ಹೊಗೆಯೂ ಇದೆ, ಅದಕ್ಕೆ ಮಾಲಕರನ್ನು ಬೈದು ಪ್ರಯೋಜನವಿಲ್ಲ. ಬೀಡಿಯ ಮಾತು ಎಲ್ಲರಿಗೂ ಗೊತ್ತು. ಸೊಳ್ಳೆಬತ್ತಿಯ ಮಾತು ಗೊತ್ತಿಲ್ಲ. ಮಾಳಿಗೆಯಲ್ಲಿ ಹತ್ತು ಜನ ಸಾಲಾಗಿ ಮಲಗಿ, ಕಿಟಕಿ ಮುಚ್ಚಿ, ಕಾಲ ಬುಡದಲ್ಲಿ ಸುರುಳಿ ಹೊತ್ತಿಸುತ್ತೇವಲ್ಲ, ಅಂಥ ಒಂದು ಸುರುಳಿ ಪೂರ್ತಿ ಉರಿದಾಗ ಹೊರಡುವ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತೋರಿಸಿತು. ಸೊಳ್ಳೆಪರದೆ ಕಟ್ಟಿ, ಕಿಟಕಿ ತೆಗೆಯಿರಿ. ಕ್ಷಯವೂ ಫ್ಲೂವೂ ಮುಚ್ಚಿದ ಕೋಣೆಯ ಗಾಳಿಯಲ್ಲಿಯೇ ಒಬ್ಬನಿಂದ ಒಬ್ಬನಿಗೆ ದಾಟುವುದು, ಆದ್ದರಿಂದ ತೆರೆದ ಕಿಟಕಿ ಎರಡು ಕೆಲಸ ಮಾಡುತ್ತದೆ. ಹೊರಗೆ ಕಸ ಸುಡುತ್ತಿದ್ದರೆ ಆ ಹೊತ್ತು ಮಾತ್ರ ಮುಚ್ಚಿ.

ಇನ್ನು ಪಗಾರದ ಮಾತು. ತಂದೂರಿನವನು ಜ್ವರದ ಮೊದಲ ದಿನವೇ ಮಲಗಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದರೆ ಜ್ವರ ಬಂದವನು ಮೂರು ದಿನ ಭಟ್ಟಿಯ ಎದುರು ನಿಂತದ್ದು ಪಗಾರ ಕಟ್ಟಾಗುವ ಭಯದಿಂದ. 1948ರ ಕಾನೂನಿನಿಂದ ಸುರುವಾದ ಇ.ಎಸ್.ಐ. ಯೋಜನೆಯಲ್ಲಿ ಹೆಸರಿದ್ದು, ವಂತಿಗೆ ಸರಿಯಾಗಿ ಕಟ್ಟಿದ್ದರೆ, ಕಾಯಿಲೆ ಬಿದ್ದವನಿಗೆ ಡಾಕ್ಟರರ ಸರ್ಟಿಫಿಕೇಟಿನ ಮೇಲೆ ವರ್ಷದಲ್ಲಿ 91 ದಿನದ ತನಕ ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ. ಈ ಸಭೆಯಲ್ಲಿರುವವರು ಎಷ್ಟು ಜನ ತಮ್ಮ ಇ.ಎಸ್.ಐ. ನಂಬರು ಹೇಳಬಲ್ಲಿರಿ? ಕೈ ಎತ್ತಿ... ಒಂದು, ಎರಡು... ಏಳು. ನೂರಕ್ಕಿಂತ ಹೆಚ್ಚು ಜನ ಕುಳಿತಿದ್ದೇವೆ.

ಆದ್ದರಿಂದ ಸಂಘದ ಈ ಸಲದ ಬೇಡಿಕೆಯ ಪಟ್ಟಿಯಲ್ಲಿ ಪಗಾರದ ಕೆಳಗೆ ನಾಲ್ಕು ಸಾಲು ಸೇರಿಸಬೇಕೆಂದು ಕಮಿಟಿಯ ಮುಂದೆ ಇಡುತ್ತೇವೆ. ಭಟ್ಟಿಯ ಮೇಲೆ ಹೊಗೆ ಎಳೆಯುವ ಹುಡ್ಡು ಮತ್ತು ಫ್ಯಾನು, ತಿಂಗಳಿಗೊಮ್ಮೆ ಅದನ್ನು ತೊಳೆಸುವುದು. ಇ.ಎಸ್.ಐ.ಗೆ ಎಲ್ಲರ ಹೆಸರು. ಜ್ವರ ಬಂದವನಿಗೆ ಮೂರು ದಿನ ಪಗಾರದ ರಜೆ. ಮಲಗುವ ಜಾಗಕ್ಕೆ ತೆರೆಯುವ ಕಿಟಕಿ. ಕೊನೆಯದಕ್ಕೆ ದುಡ್ಡು ಹೆಚ್ಚು ಬೇಡ, ಸುತ್ತಿಗೆಯೂ ಬಡಗಿಯೂ ಸಾಕು.

ತಾಯಂದಿರು ಒಂದು ಸಂಗತಿ ನೆನಪಿಡಬೇಕು. ಕೆಮ್ಮುವ ಕೂಸು ಮಲಗಿರುವಾಗ ಅಂಗಿ ಎತ್ತಿ ಒಂದು ಮಿನಿಟು ಗಡಿಯಾರ ನೋಡಿ ಉಸಿರು ಎಣಿಸಿ. ಎರಡು ತಿಂಗಳಿನಿಂದ ಒಂದು ವರ್ಷದ ಒಳಗಿನ ಕೂಸಿಗೆ 50, ಅದರ ಮೇಲೆ ಐದು ವರ್ಷದ ತನಕ 40. ಅಷ್ಟು ಮುಟ್ಟಿದರೆ, ಅಥವಾ ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ದೊಡ್ಡವರಿಗೆ ಮಿನಿಟಿಗೆ 30 ದಾಟಿದರೆ, ಒಂದು ವಾಕ್ಯ ಮುಗಿಸುವಷ್ಟು ದಮ್ಮು ಇಲ್ಲದಿದ್ದರೆ, ತುಟಿ ನೀಲಿಯಾದರೆ ಅದೇ ಮಾತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ, ಸರಕಾರಿ ದವಾಖಾನೆಯಲ್ಲಿ ಅದಕ್ಕೆ ಕಾಸಿಲ್ಲ.

ತಂದೂರಿನವನ ವಿಷಯ ಕೆಲವರು ಕೇಳಿದಿರಿ. ನಾಲ್ಕು ತಿಂಗಳು ಊರಲ್ಲಿದ್ದು ಬಂದಿದ್ದಾನೆ. ಬೀಡಿ ಬಿಟ್ಟಿದ್ದಾನೆ, ಮೂರನೆಯ ಮಾಳಿಗೆಗೆ ಹತ್ತುವಾಗ ಈಗಲೂ ಒಮ್ಮೆ ನಿಲ್ಲುತ್ತಾನೆ. ಇವತ್ತು ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಇ.ಎಸ್.ಐ. ಫಾರಮುಗಳ ಕಟ್ಟು ಅವನ ಹತ್ತಿರ ಇದೆ. ಚಹಾ ಆದ ಮೇಲೆ ಆಧಾರ ಕಾರ್ಡು, ಪಗಾರದ ಚೀಟಿ ಇದ್ದವರು ಅವನ ಟೇಬಲ್ಲಿನ ಎದುರು ಸಾಲು ನಿಲ್ಲಿ. ಚೀಟಿಯೇ ಇಲ್ಲದವರು ನಮ್ಮ ಹತ್ತಿರ ಬನ್ನಿ.